ಅನಿರ್ಣೀತ ಬೇರೆ, ಅನಿರ್ಣೇಯ ಬೇರೆ

ಮೊನ್ನೆ ಶಿವಮೊಗ್ಗದಲ್ಲಿ ಕಾಲೇಜು ಮಕ್ಕಳ ಸೆಮಿನಾರ್ ಒಂದಕ್ಕೆ ಹೋಗಿದ್ದೆ. ಪರದೆಯ ಮೇಲೆ 'ಹಾಲ್ಟಿಂಗ್ ಪ್ರಾಬ್ಲಂ: ಇನ್ನೂ ಯಾರೂ ಬಿಡಿಸದ ಅನಿರ್ಣೀತ ಸಮಸ್ಯೆ' ಅಂತ ಬಂತು. ಈ ಮಾತನ್ನು ಎಷ್ಟು ಸಲ ಓದಿದ್ದೇನೋ! ಯಾವ ಪ್ರೋಗ್ರಾಂ ಕೊಟ್ಟರೂ ಅದು ಓಡಿ ಕೊನೆಗೆ ನಿಲ್ಲುತ್ತದೋ, ನಿಲ್ಲದೆ ಓಡುತ್ತಲೇ ಇರುತ್ತದೋ ಅಂತ ಹೇಳುವ ಪ್ರೋಗ್ರಾಂ ಬರೆಯಬಹುದಾ ಅನ್ನುವುದೇ ಹಾಲ್ಟಿಂಗ್ ಪ್ರಾಬ್ಲಂ. ಇದು ಬಾಕಿ ಉಳಿದ ಸಮಸ್ಯೆ ಅಲ್ಲ. ಇಂಗ್ಲೆಂಡಿನ ಗಣಿತಜ್ಞ ಅಲನ್ ಟ್ಯೂರಿಂಗ್ 1936ರಲ್ಲೇ ಉತ್ತರ ಕೊಟ್ಟಿದ್ದಾರೆ. ಅವರ ಪ್ರಶ್ನೆಯ ರೂಪ ಸ್ವಲ್ಪ ಬೇರೆ, ಈ ಹೆಸರೂ ಆಮೇಲೆ ಬಂದದ್ದು. ತಿರುಳು ಮಾತ್ರ ಅದೇ: ಇದು ಆಗದ ಕೆಲಸ.

ಎಡವುವುದು ಪದದಲ್ಲಿ. ಅಜಿತ, ಅಜೇಯ ಎರಡೂ ನಮಗೆ ಗೊತ್ತು. ಅಜಿತ ಅಂದರೆ ಇದುವರೆಗೆ ಯಾರೂ ಗೆಲ್ಲದವನು. ಅಜೇಯ ಅಂದರೆ ಯಾರಿಂದಲೂ ಗೆಲ್ಲಲಾಗದವನು. 'ನಿರ್ಣಯ'ದಿಂದಲೂ ಇದೇ ಅಚ್ಚಿನಲ್ಲಿ ಎರಡು ಪದ ಹುಟ್ಟುತ್ತವೆ. ಅನಿರ್ಣೀತ ಅಂದರೆ ತೀರ್ಮಾನ ಆಗಿಲ್ಲ. ಅನಿರ್ಣೇಯ ಅಂದರೆ ತೀರ್ಮಾನಿಸಲು ಸಾಧ್ಯವಿಲ್ಲ. ಸಂಸ್ಕೃತ ಬೇಡ ಅನ್ನುವವರಿಗೆ ಕನ್ನಡದಲ್ಲೇ ಇದೆಯಲ್ವಾ: ಬಿಡಿಸದ ಗಂಟು, ಬಿಡಿಸಲಾಗದ ಗಂಟು. ಇವೆರಡನ್ನು ಒಂದೇ ಅಂತ ಯಾರಾದರೂ ಅನ್ನುತ್ತಾರಾ?

ಮಲೆನಾಡಲ್ಲಿ ಅಪ್ಪ ಹಾಕಿದ ಬಗರ್‌ಹುಕುಂ ಅರ್ಜಿ ಮಗನ ಕಾಲಕ್ಕೂ ಹಾಗೇ ಇರುತ್ತದೆ. ಅದು ಅನಿರ್ಣೀತ. ನಾಳೆ ಒಂದು ಸಹಿ ಬಿದ್ದರೆ ಮುಗಿಯಿತು. ಗಣಿತದಲ್ಲಿ ಕೊಲಾಟ್ಸ್ ಪ್ರಶ್ನೆ ಹೀಗಿದೆ. ಸೊನ್ನೆಗಿಂತ ದೊಡ್ಡದಾದ ಒಂದು ಪೂರ್ಣಸಂಖ್ಯೆ ತೆಗೆದುಕೊಳ್ಳಿ. ಸಮ ಆದರೆ ಅರ್ಧ ಮಾಡಿ, ಬೆಸ ಆದರೆ ಮೂರರಿಂದ ಗುಣಿಸಿ ಒಂದು ಕೂಡಿಸಿ. 1 ಬರುವ ತನಕ ಇದನ್ನೇ ಮಾಡುತ್ತಾ ಹೋಗಿ. 27ರಿಂದ ಹೊರಟರೆ ನಡುವೆ 9232ರವರೆಗೆ ಏರಿ, 111 ಹೆಜ್ಜೆ ಆದಮೇಲೆ 1 ಸಿಗುತ್ತದೆ. ಇಂಥ ಎಲ್ಲ ಸಂಖ್ಯೆಗಳೂ 1ಕ್ಕೆ ಬರುತ್ತವೆಯೇ? ಇದುವರೆಗೆ ಯಾರೂ ಸಾಧಿಸಿಲ್ಲ. ಇದೂ ಅನಿರ್ಣೀತ.

'ಹಾಲ್ಟ್' ಪದಕ್ಕೂ ಒಂದು ಮಾತು. ರಾತ್ರಿ ಹಳ್ಳಿಯಲ್ಲಿ ತಂಗಿ ಬೆಳಿಗ್ಗೆ ಮತ್ತೆ ಹೊರಡುವ ನಮ್ಮ ಹಾಲ್ಟಿಂಗ್ ಬಸ್ಸಿನ ಹಾಲ್ಟ್ ಇದಲ್ಲ. ಇದು ತಾಳಗುಪ್ಪದಲ್ಲಿ ರೈಲು ಹಳಿ ಮುಗಿದ ಹಾಗೆ, ಮುಂದೆ ಮಾಡುವ ಹೆಜ್ಜೆಯೇ ಇಲ್ಲ. ಕಂಪ್ಯೂಟರ್ ಹ್ಯಾಂಗ್ ಆದರೆ ಅದನ್ನೂ ಹಾಲ್ಟ್ ಅನ್ನುತ್ತಾರೆ. ಎಷ್ಟೋ ಸಲ ಒಳಗೆ ಪ್ರೋಗ್ರಾಂ ನಿಲ್ಲದೆ ಸುತ್ತುತ್ತಿರುವುದರಿಂದಲೇ ಅದು ಹ್ಯಾಂಗ್ ಆಗಿರುತ್ತದೆ!

ಈಗ ಇದು ಆಗದ ಕೆಲಸ ಅನ್ನುವುದಕ್ಕೆ ಪುರಾವೆ. ಯಾವ ಪ್ರೋಗ್ರಾಂ ಕೊಟ್ಟರೂ, ಅದಕ್ಕೆ ಯಾವ ಇನ್‌ಪುಟ್ ಕೊಟ್ಟರೂ, ಅದು ನಿಲ್ಲುತ್ತದೋ ಇಲ್ಲವೋ ಅಂತ ತಪ್ಪಿಲ್ಲದೆ ಹೇಳುವ ಪ್ರೋಗ್ರಾಂ ಒಂದಿದೆ ಅಂದುಕೊಳ್ಳಿ. ಅದರ ಹೆಸರು 'ಜಾಣ'. ಜಾಣನನ್ನು ಒಳಗಿಟ್ಟುಕೊಂಡು 'ತಂಟೆ' ಅಂತ ಇನ್ನೊಂದು ಬರೆಯೋಣ. ತಂಟೆಗೆ ಒಂದು ಪ್ರೋಗ್ರಾಮಿನ ಬರಹ ಕೊಟ್ಟರೆ, ಅದು ಜಾಣನನ್ನು ಕೇಳುತ್ತದೆ: 'ಇದಕ್ಕೆ ಇದರದ್ದೇ ಬರಹ ಕೊಟ್ಟರೆ ನಿಲ್ಲುತ್ತದಾ?' ಜಾಣ 'ನಿಲ್ಲುತ್ತದೆ' ಅಂದರೆ ತಂಟೆ ಕೊನೆಯಿಲ್ಲದೆ ಸುತ್ತುತ್ತದೆ. 'ನಿಲ್ಲುವುದಿಲ್ಲ' ಅಂದರೆ ತಕ್ಷಣ ನಿಲ್ಲುತ್ತದೆ.

ಇನ್ನು ತಂಟೆಗೆ ತಂಟೆಯ ಬರಹವನ್ನೇ ಕೊಡಿ. ಜಾಣ ಏನೇ ಹೇಳಲಿ, ತಂಟೆ ಅದರ ಉಲ್ಟಾ ಮಾಡುತ್ತದೆ. ಅಂದಮೇಲೆ ಜಾಣ ತಪ್ಪಿದ. ತಪ್ಪದ ಜಾಣ ಇರಲಿಕ್ಕೇ ಸಾಧ್ಯವಿಲ್ಲ. ಅದಕ್ಕೇ ಹಾಲ್ಟಿಂಗ್ ಪ್ರಾಬ್ಲಂ ಅನಿರ್ಣೇಯ. ಈ ವಾದದಲ್ಲಿ ಕಂಪ್ಯೂಟರಿನ ವೇಗದ ಮಾತು ಎಲ್ಲಾದರೂ ಬಂತಾ? ಮೆಮೊರಿಯದು? ಇಲ್ಲ. ಹಾಗಾಗಿ 'ಮುಂದೆ ವೇಗದ ಕಂಪ್ಯೂಟರ್ ಬಂದರೆ ಆಗಬಹುದು' ಅನ್ನುವ ಮಾತನ್ನು ದಯವಿಟ್ಟು ಬಿಡಿ.

ಇನ್ನೊಂದು ತಪ್ಪು ಇದರ ಎದುರು ದಿಕ್ಕಿನದು. 'ಯಾವ ಪ್ರೋಗ್ರಾಂ ನಿಲ್ಲುತ್ತದೆ ಅಂತಲೂ ಹೇಳಲು ಆಗುವುದಿಲ್ಲ' ಅನ್ನುತ್ತಾರೆ. ಸುಮ್ನೆ ಹತ್ತರವರೆಗೆ ಎಣಿಸುವ ಪ್ರೋಗ್ರಾಂ ನಿಲ್ಲುತ್ತದೆ, ಅದು ಯಾರಿಗೂ ಗೊತ್ತು. ಇಲ್ಲದಿರುವುದು ಎಲ್ಲ ಪ್ರೋಗ್ರಾಮುಗಳಿಗೂ ಒಪ್ಪುವ ಒಂದೇ ವಿಧಾನ. ಟ್ಯೂರಿಂಗ್ ಯಂತ್ರ ಅಂದರೆ ಟೇಪಿನ ಮೇಲೆ ಚಿಹ್ನೆ ಓದಿ, ಬರೆದು, ತನ್ನ ಒಳಗಿನ ಸ್ಥಿತಿ ನೋಡಿಕೊಂಡು ಹೆಜ್ಜೆ ಹೆಜ್ಜೆಯಾಗಿ ನಡೆಯುವ ಒಂದು ಸರಳ ಕಾಲ್ಪನಿಕ ಕಂಪ್ಯೂಟರ್. ಎರಡು ಚಿಹ್ನೆ, 5 ಸ್ಥಿತಿಗಳ ಇಂಥ ಯಂತ್ರಗಳನ್ನು ಖಾಲಿ ಟೇಪಿನ ಮೇಲೆ ಓಡಿಸಿದರೆ ಯಾವುದು ನಿಲ್ಲುತ್ತದೆ, ಯಾವುದು ಇಲ್ಲ ಅನ್ನುವುದು 2024ರಲ್ಲಿ ಪೂರ್ತಿ ಇತ್ಯರ್ಥವಾಯಿತು. ನಿಲ್ಲುವವುಗಳಲ್ಲಿ ಅತಿ ಜಾಸ್ತಿ ಓಡುವುದು 4,71,76,870 ಹೆಜ್ಜೆ ಹಾಕುತ್ತದೆ. 6 ಸ್ಥಿತಿಗಳ ಯಂತ್ರಗಳದ್ದು ಇನ್ನೂ ಅನಿರ್ಣೀತ. ಇಲ್ಲಿ ಆ ಪದ ಸರಿ.