ಮಗು ಒಂದು ನಿಮಿಷ ಸುಮ್ನೆ ಕೂರಲ್ಲ, ಧ್ಯಾನ ಮಾಡಿಸೋದು ಹೇಗೆ?

ಪ್ರಶ್ನೆ: ನಮ್ಮ ಮನೆಯಲ್ಲಿ ದಿನಾ ರಾತ್ರಿ ಜಪಸರ (ಮಣಿ ಎಣಿಸುತ್ತಾ ಹೇಳುವ ರೋಸರಿ ಪ್ರಾರ್ಥನೆ) ಮಾಡುತ್ತೇವೆ. ಮಕ್ಕಳ ಜೊತೆ ಸ್ವಲ್ಪ ಹೊತ್ತು ಮೌನವಾಗಿ ಧ್ಯಾನಕ್ಕೂ ಕೂರಬೇಕು ಅಂತ ಆಸೆ. ದೊಡ್ಡವನಿಗೆ 7, ಚಿಕ್ಕವಳಿಗೆ 4. ಇಬ್ಬರೂ ಒಂದು ನಿಮಿಷ ಕೂರುವುದಿಲ್ಲ. ಹೇಗೆ ಶುರು ಮಾಡಲಿ? ಮಂತ್ರ ಹೇಳಿ ಕೂರುವುದು ಕ್ರೈಸ್ತರಿಗೆ ಸರಿಯಾ ಅಂತ ಅತ್ತೆ ಬೇರೆ ಕೇಳುತ್ತಿದ್ದಾರೆ.

ಉತ್ತರ: ಮೊದಲು ನೀವು ಕೂತುಬಿಡಿ. ಮಕ್ಕಳನ್ನು ಕರೆಯಬೇಡಿ. ಒಂದು ವಾರ ನೀವೊಬ್ಬರೇ, ಅದೇ ಜಾಗದಲ್ಲಿ, ಅದೇ ಹೊತ್ತಿಗೆ. ಅಮ್ಮ ಕಣ್ಣು ಮುಚ್ಚಿಕೊಂಡು ಏನು ಮಾಡ್ತಿದ್ದಾಳೆ ಅಂತ ನೋಡಲು ಚಿಕ್ಕವಳು ಬಂದೇ ಬರುತ್ತಾಳೆ. ಬಂದರೆ ಮಡಿಲಲ್ಲಿ ಕೂರಿಸಿಕೊಳ್ಳಿ, ಏನೂ ಹೇಳಬೇಡಿ. ಬೈಬಲಿನ 131ನೇ ಕೀರ್ತನೆಯಲ್ಲಿ ತಾಯಿಯ ಬಳಿ ಸಮಾಧಾನವಾಗಿರುವ ಕೂಸಿನ ಮಾತು ಬರುತ್ತದೆ. ಅದು ಹಾಲು ಬಿಟ್ಟ ಕೂಸು. ಹಾಲಿಗಾಗಿ ಬಂದದ್ದಲ್ಲ, ಅಮ್ಮ ಇದ್ದಾಳೆ ಅಂತ ಬಂದದ್ದು. ಧ್ಯಾನ ಅಂದರೆ ಏನು ಅಂತ ನನಗೆ ಸರಿಯಾಗಿ ಹೊಳೆದದ್ದು ಆ ಸಾಲಿನಿಂದಲೇ.

ಈಗ ಅತ್ತೆಯವರ ಪ್ರಶ್ನೆ. ಇಂದು ಕ್ರೈಸ್ತ ಧ್ಯಾನ ಎಂದು ಹಲವು ದೇಶಗಳಲ್ಲಿ ನಡೆಯುವ ಕ್ರಮವನ್ನು ಹರಡಿದವರು ಜಾನ್ ಮೇನ್ (1926–1982) ಎಂಬ ಬೆನೆಡಿಕ್ಟೈನ್ (ಸಂತ ಬೆನೆಡಿಕ್ಟನ ನಿಯಮ ಪಾಲಿಸುವ ಮಠದ) ಸನ್ಯಾಸಿ. 1950ರ ದಶಕದಲ್ಲಿ ಅವರಿನ್ನೂ ಸನ್ಯಾಸಿಯಾಗಿರಲಿಲ್ಲ, ಮಲಯಾದಲ್ಲಿ (ಇಂದಿನ ಮಲೇಶಿಯಾದ ಭಾಗ) ಸರ್ಕಾರಿ ಕೆಲಸದಲ್ಲಿದ್ದರು. ಅಲ್ಲಿ ಸ್ವಾಮಿ ಸತ್ಯಾನಂದ ಎಂಬ ಹಿಂದೂ ಗುರುವಿನಿಂದ ಮಂತ್ರಧ್ಯಾನ ಕಲಿತರು. ಮುಂದೆ ಲಂಡನ್ನಿನ ಮಠಕ್ಕೆ ಸೇರಿದಾಗ, ಇದು ನಮ್ಮ ಪದ್ಧತಿಯಲ್ಲ, ಬಿಡು ಎಂದು ಅಲ್ಲಿನ ಹಿರಿಯರು ಹೇಳಿದರು. ನಿಮ್ಮ ಅತ್ತೆಯ ಅನುಮಾನವೇ! ಅವರು ಬಿಟ್ಟರು ಕೂಡ. ಎಷ್ಟೋ ವರ್ಷ ಕಳೆದ ಮೇಲೆ ಜಾನ್ ಕ್ಯಾಸಿಯನ್ ಎಂಬ ಹಳೆಯ ಸನ್ಯಾಸಿಯ ಬರಹ ಓದುವಾಗ ಅದೇ ದಾರಿ ಮತ್ತೆ ಸಿಕ್ಕಿತು. ಈಜಿಪ್ಟಿನ ಮರಳುಗಾಡಿನ ತಪಸ್ವಿಗಳು ಕೀರ್ತನೆಯ ಒಂದೇ ಸಾಲನ್ನು ಹಗಲೂ ರಾತ್ರಿ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದರು ಎಂದು ಕ್ಯಾಸಿಯನ್ ಸುಮಾರು 1600 ವರ್ಷಗಳ ಹಿಂದೆಯೇ ಬರೆದಿಟ್ಟಿದ್ದ. ಅಂದರೆ ಇದು ಎರವಲು ತಂದದ್ದಲ್ಲ, ಮನೆಯಲ್ಲೇ ಇದ್ದು ಮರೆತುಹೋದದ್ದು. ಜಪಸರದ ಬದಲು ಇದು ಅಂತಲೂ ಅಲ್ಲ. ಜಪಸರ ಮುಗಿದ ಮೇಲೆ ಐದು ನಿಮಿಷ ಅಷ್ಟೇ ಅಂತ ಅತ್ತೆಗೆ ಹೇಳಿ. ಅವರೂ ಬಂದು ಕೂತರೆ ಇನ್ನೂ ಒಳ್ಳೆಯದು. ಅಜ್ಜಿ ಕೂತರೆ ಮಕ್ಕಳು ಬೇಗ ಕೂರುತ್ತಾರೆ.

ಜಾನ್ ಮೇನ್ ಸೂಚಿಸಿದ ಪದ 'ಮಾರನಾಥ'. ಯೇಸು ಆಡುತ್ತಿದ್ದ ಅರಾಮಿಕ್ ಭಾಷೆಯದು, 'ಪ್ರಭುವೇ, ಬಾ' ಎಂದು ಅರ್ಥ. ಬೈಬಲಿನಲ್ಲಿ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಕೊನೆಯಲ್ಲಿ (16:22) ಇದೆ. ಮಾ-ರಾ-ನಾ-ಥಾ, ನಾಲ್ಕೂ ಅಕ್ಷರ ಒಂದೇ ಅಳತೆಯಲ್ಲಿ, ಬಾಯಿ ಬಿಡದೆ ಒಳಗೇ ಹೇಳಿಕೊಳ್ಳುವುದು. ಒಂದು ಎಚ್ಚರಿಕೆ: ಕನ್ನಡದ ಕಿವಿಗೆ ಇದು ಮಂಜುನಾಥನ ತಮ್ಮನ ಹೆಸರಿನ ಹಾಗೆ ಕೇಳಿಸುತ್ತದೆ. ಮಕ್ಕಳು ನಗುತ್ತಾರೆ. ನಗಲಿ, ನೀವೂ ನಕ್ಕು ಅರ್ಥ ಹೇಳಿ. ಅದು ಬೇಡ ಅಂದರೆ 'ಯೇಸು' ಸಾಕು. ಆದರೆ ದಿನಕ್ಕೊಂದು ಪದ ಬೇಡ.

ಹೊತ್ತಿನ ಲೆಕ್ಕ ಸುಲಭ: ವಯಸ್ಸಿಗೆ ಒಂದು ನಿಮಿಷ. ಆಸ್ಟ್ರೇಲಿಯಾದ ಟೌನ್ಸ್‌ವಿಲ್ ಧರ್ಮಪ್ರಾಂತ್ಯದ ಕ್ಯಾಥೊಲಿಕ್ ಶಾಲೆಗಳಲ್ಲಿ 2005–06ರ ಸುಮಾರಿಗೆ ಧ್ಯಾನ ಶುರುವಾಯಿತು, ಈ ಲೆಕ್ಕ ಅಲ್ಲಿಯ ತರಗತಿಗಳಲ್ಲೂ ಬಳಕೆಗೆ ಬಂತು. ನಿಮ್ಮ ಮಗನಿಗೆ ಏಳು, ಮಗಳಿಗೆ ನಾಲ್ಕು. ಇದು ಮುಟ್ಟಬೇಕಾದ ಗುರಿ, ಮೊದಲ ದಿನದ್ದಲ್ಲ. ಮೊದಲ ವಾರ ಒಂದೇ ನಿಮಿಷ ಸಾಕು. ಅವಳ ಹೊತ್ತು ಮುಗಿದ ಕೂಡಲೇ ಅವಳು ಎದ್ದು ಹೋಗಲಿ, ಅಣ್ಣ ಇನ್ನೂ ಕೂತಿರಲಿ.

ಕೂರುವ ರೀತಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಚಾಪೆಯ ಮೇಲೆ ಚಕ್ಕಳಮಕ್ಕಳ, ಇಲ್ಲವೇ ಕುರ್ಚಿ, ಬೆನ್ನು ನೇರ. ಒಂದು ಮೇಣದಬತ್ತಿ ಇರಲಿ. ಕಣ್ಣು ಮುಚ್ಚಲು ಹೆದರುವ ಮಗು ಅದನ್ನೇ ನೋಡುತ್ತಾ ಕೂರಬಹುದು. ಶುರುವಿಗೂ ಮುಗಿಸಲಿಕ್ಕೂ ಹಿತ್ತಾಳೆ ಚೊಂಬಿಗೆ ಚಮಚದಿಂದ ಒಂದು ಏಟು ಕೊಡಿ. ಆ ಸದ್ದು ಪೂರ್ತಿ ಕರಗುವ ತನಕ ಕೇಳಿಸಿಕೊಳ್ಳಿ ಅಂದರೆ ಎಂಥ ತುಂಟನೂ ಕಿವಿ ನೆಟ್ಟಗೆ ಮಾಡುತ್ತಾನೆ. ಹೊಡೆಯುವ ಕೆಲಸ ಸರದಿಯ ಮೇಲೆ ಮಕ್ಕಳದ್ದೇ, ಇಲ್ಲದಿದ್ದರೆ ಜಗಳ ಗ್ಯಾರಂಟಿ.

ನಡುವೆ ಕುಕ್ಕರ್ ಕೂಗುತ್ತದೆ, ಪಕ್ಕದ ಮನೆ ಟಿವಿ ಕೇಳಿಸುತ್ತದೆ, ತಂಗಿ ಅಣ್ಣನ ಕಾಲು ಚಿವುಟುತ್ತಾಳೆ. 'ಶ್...' ಅನ್ನಬೇಡಿ. ಮನಸ್ಸು ಎಲ್ಲಿಗಾದರೂ ಓಡಿಹೋಗಿದೆ ಅಂತ ಗೊತ್ತಾದಾಗ ಪದಕ್ಕೆ ವಾಪಸ್ ಬಂದರಾಯಿತು. ಮಕ್ಕಳಿಗೆ ಹೇಳಿಕೊಡಬೇಕಾದ್ದು ಇದೊಂದೇ. ದೊಡ್ಡವರಿಗೂ ಇದಕ್ಕಿಂತ ಹೆಚ್ಚಿನದು ಇಲ್ಲ ಅನ್ನಿ.

ಎರಡು ಕೆಲಸ ಮಾತ್ರ ಮಾಡಲೇಬೇಡಿ. ಒಂದು, ಗಲಾಟೆ ಮಾಡಿದ್ದಕ್ಕೆ 'ಹೋಗಿ ಧ್ಯಾನ ಮಾಡು' ಅನ್ನುವುದು. ಧ್ಯಾನ ಶಿಕ್ಷೆಯಾದ ದಿನವೇ ಅದು ಮುಗಿಯಿತು. ಮಕ್ಕಳನ್ನು ಸುಮ್ಮನಾಗಿಸುವ ಉಪಾಯ ಅಂತ ಇದನ್ನು ಹಿಡಿದವರು ಎರಡು ವಾರದಲ್ಲಿ ಬಿಡುತ್ತಾರೆ, ಯಾಕೆಂದರೆ ಮಕ್ಕಳು ಸುಮ್ಮನಾಗುವುದಿಲ್ಲ! ಇನ್ನೊಂದು, ಮುಗಿದ ತಕ್ಷಣ 'ಏನನ್ನಿಸಿತು? ಯೇಸು ಕಂಡನಾ?' ಅಂತ ಕೇಳುವುದು. ಅಮ್ಮನಿಗೆ ಯಾವ ಉತ್ತರ ಬೇಕು ಅಂತ ಮಗುವಿಗೆ ಕೂಡಲೇ ಗೊತ್ತಾಗುತ್ತದೆ, ಅದನ್ನೇ ಹೇಳುತ್ತದೆ. ಚೊಂಬಿನ ಸದ್ದು ನಿಂತಿತಾ, ಮೇಣದಬತ್ತಿ ಆರಿಸಿ, ಊಟಕ್ಕೆ ಏಳಿ. ಹೇಳಬೇಕು ಅನ್ನಿಸಿದರೆ ಮಗುವೇ ಹೇಳುತ್ತದೆ, ಅದೂ ಎಂಟು ದಿನ ಬಿಟ್ಟು, ನೀವು ದೋಸೆ ಮಗುಚುತ್ತಿರುವಾಗ.