ಗುಬ್ಬಚ್ಚಿ ಪಟ್ಟಿಯಲ್ಲಿಲ್ಲ, ಆನೆ ಇದೆ

ಮಾರ್ಚ್ 20, ವಿಶ್ವ ಗುಬ್ಬಚ್ಚಿ ದಿನ ಬಂತೆಂದರೆ ನನ್ನ ಫೋನಿನ ತುಂಬ ಗುಬ್ಬಚ್ಚಿಗಳು. ಸೋದರಮಾವ, ಹಳೇ ಸಹಪಾಠಿಗಳು, ಅಪಾರ್ಟ್‌ಮೆಂಟ್ ಗುಂಪು, ಎಲ್ಲರದ್ದೂ ಒಂದೇ ಮೆಸೇಜು: ಮೊಬೈಲ್ ಟವರಿನಿಂದ ಗುಬ್ಬಚ್ಚಿ ಅಳಿವಿನಂಚಿಗೆ ಬಂದಿದೆ, ಹತ್ತು ಜನಕ್ಕೆ ಕಳಿಸಿ. ನಾನು ಪ್ರತಿ ವರ್ಷ ಅದೇ ಉತ್ತರ ಬರೆಯುತ್ತೇನೆ. ಪ್ರತಿ ವರ್ಷ ಯಾರೂ ಓದುವುದಿಲ್ಲ.

ಗುಬ್ಬಚ್ಚಿ ಅಳಿವಿನಂಚಿನಲ್ಲಿಲ್ಲ. ದೊಡ್ಡ ಊರುಗಳಲ್ಲಿ ಕಡಿಮೆಯಾಗಿದೆ, ನಿಜ. ಗೂಡಿಗೆ ಹೆಂಚಿನ ಸಂದು ಇಲ್ಲ, ಅಂಗಳದಲ್ಲಿ ಕೂತು ಅಕ್ಕಿ ಕೇರುವವರಿಲ್ಲ, ಮರಿಗೆ ತಿನ್ನಿಸಲು ಹುಳು ಸಿಗುವುದಿಲ್ಲ. ಆದರೆ ದೇಶದ ಲೆಕ್ಕ ಬೇರೆ. ಭಾರತದ ಹಕ್ಕಿಗಳ ಬಗ್ಗೆ 2020ರಲ್ಲಿ ಬಂದ ದೊಡ್ಡ ವರದಿ ಗುಬ್ಬಚ್ಚಿಯ ಸಂಖ್ಯೆ ಒಟ್ಟಾರೆ ಸ್ಥಿರವಾಗಿದೆ ಎಂದೇ ಹೇಳಿತು. ಟವರ್ ಕಥೆಗೆ ಗಟ್ಟಿ ಆಧಾರ ಸಿಕ್ಕಿಲ್ಲ. ನಮ್ಮ ಕಿಟಕಿಗೆ ಬರದ ಹಕ್ಕಿ ಲೋಕದಲ್ಲೇ ಇಲ್ಲ ಅಂದುಕೊಂಡರೆ ಹೇಗೆ?

ಇದರ ತಿರುವುಮುರುವು ಮಾತು ಕೇಳಬೇಕೆಂದರೆ ಸಕಲೇಶಪುರದ ಕಡೆ ಹೋಗಿ, ಆನೆಗಳ ಬಗ್ಗೆ ತೋಟದವರನ್ನು ಕೇಳಿ. "ದಿನಾ ತೋಟಕ್ಕೆ ನುಗ್ತವೆ, ಬಾಳೆ, ಬೈನೆ ಒಂದನ್ನೂ ಬಿಡಲ್ಲ. ಇದೆಂಥ ಅಳಿವಿನಂಚು ಸ್ವಾಮೀ?" ಅಂತಾರೆ. ಕೇಳುವುದರಲ್ಲಿ ತಪ್ಪೇನಿಲ್ಲ. ಕರ್ನಾಟಕದಲ್ಲೇ ಸುಮಾರು ಆರು ಸಾವಿರ ಆನೆಗಳಿವೆ, ಬೇರೆ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಆದರೂ ಏಷ್ಯಾದ ಆನೆ ಪಟ್ಟಿಯಲ್ಲಿದೆ.

ಪಟ್ಟಿ ಅಂದರೆ ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಕೆಂಪು ಪಟ್ಟಿ. ಸಂಸ್ಥೆ ಹುಟ್ಟಿದ್ದು 1948ರಲ್ಲಿ, ಪಟ್ಟಿ 1964ರಲ್ಲಿ. ಮೊದಲ ಮೂವತ್ತು ವರ್ಷ ಅದು ಬಹುಮಟ್ಟಿಗೆ ತಜ್ಞರ ಅಂದಾಜಿನ ಮೇಲೆ ನಡೆಯಿತು. ಯಾರ ದನಿ ಜೋರೋ ಅವರ ಪ್ರಾಣಿಗೆ ಜಾಗ ಬೇಗ ಸಿಗುವ ಅಪಾಯ ಇದ್ದೇ ಇತ್ತು. ಹಕ್ಕಿಗೊಂದು ಅಳತೆ, ಕಪ್ಪೆಗೊಂದು ಅಳತೆ. 1991ರಲ್ಲಿ ಜಾರ್ಜಿನಾ ಮೇಸ್ ಮತ್ತು ರಸೆಲ್ ಲ್ಯಾಂಡಿ ಎಂಬ ಇಬ್ಬರು ವಿಜ್ಞಾನಿಗಳು, ಅಂದಾಜು ಸಾಕು, ಲೆಕ್ಕ ತನ್ನಿ ಅಂದರು. 1994ರಲ್ಲಿ ಅಂಕಿಗಳ ನಿಯಮ ಬಂತು. ಈಗ ಅದರಲ್ಲಿ ಐದು ಪರೀಕ್ಷೆಗಳಿವೆ. ನಮ್ಮ ಎಸ್ಸೆಸ್ಸೆಲ್ಸಿ ಇದ್ದಹಾಗೆ: ಉಳಿದದ್ದರಲ್ಲೆಲ್ಲ ಪಾಸಾಗಿ ಒಂದರಲ್ಲಿ ಫೇಲಾದರೂ ಫೇಲೇ. ಒಂದೇ ಒಂದರಲ್ಲಿ ಬಿದ್ದರೂ ಆ ಜೀವಿ ಅಪಾಯದಲ್ಲಿರುವವುಗಳ ಪಟ್ಟಿಗೆ ಸೇರುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಮೊದಲನೆಯದು. ಅದು ಎಷ್ಟಿವೆ ಎಂದು ಕೇಳುವುದೇ ಇಲ್ಲ. ಎಷ್ಟು ಬೇಗ ಇಳಿಯುತ್ತಿವೆ ಎಂದು ಕೇಳುತ್ತದೆ. ತುಂಬಿದ ಕೆರೆಯನ್ನು ನೋಡಿ ದಂಡೆಯ ಮೇಲಿನವರು ಖುಷಿಪಡುತ್ತಾರೆ. ಕೆರೆಯ ತೂಬು ಕಿತ್ತುಹೋಗಿದ್ದರೆ ನೀರುಗಂಟಿಗೆ ಮಾತ್ರ ನಿದ್ದೆ ಬರುವುದಿಲ್ಲ. ಪಾಸ್‌ಬುಕ್ಕಿನಲ್ಲಿ ಹತ್ತು ಲಕ್ಷ ಇದ್ದು ತಿಂಗಳಿಗೆ ಒಂದು ಲಕ್ಷ ಹೋಗುತ್ತಿದ್ದರೆ ನೀವು ಶ್ರೀಮಂತರಾ? ಐವತ್ತು ಸಾವಿರ ಇಟ್ಟುಕೊಂಡು ಬಡ್ಡಿಯಲ್ಲೇ ಜೀವನ ಮಾಡುವ ಅಜ್ಜಿ ನಿಮಗಿಂತ ವಾಸಿ. ಅಮೆರಿಕದ ಪ್ಯಾಸೆಂಜರ್ ಪಾರಿವಾಳಗಳು ಕೋಟಿಗಟ್ಟಲೆ ಅಲ್ಲ, ನೂರಾರು ಕೋಟಿ ಇದ್ದವು. ಹಿಂಡು ಹಾರಿದರೆ ಆಕಾಶ ಕಪ್ಪಾಗುತ್ತಿತ್ತು. ಮಾರ್ಥಾ ಎಂಬ ಕೊನೆಯ ಹಕ್ಕಿ 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು.

ಇಳಿಕೆಯನ್ನು ಎಷ್ಟು ವರ್ಷದಲ್ಲಿ ಅಳೆಯಬೇಕು? ಜಾಣತನ ಇರುವುದು ಇಲ್ಲಿ. ಹತ್ತು ವರ್ಷ ಅಥವಾ ಮೂರು ತಲೆಮಾರು, ಯಾವುದು ಜಾಸ್ತಿಯೋ ಅದು. ತಲೆಮಾರು ಅಂದರೆ ಈಗ ಹುಟ್ಟುತ್ತಿರುವ ಮರಿಗಳ ತಂದೆತಾಯಿಯ ಸರಾಸರಿ ವಯಸ್ಸು. ಇಲಿಗೆ ಹತ್ತು ವರ್ಷ ಅಂದರೆ ಒಂದು ಯುಗ. ಆನೆಗೆ ಅದು ಅರ್ಧ ಸಂಸಾರವೂ ಅಲ್ಲ. ಅದರ ಒಂದು ತಲೆಮಾರೇ 20ರಿಂದ 25 ವರ್ಷ. ಹಾಗಾಗಿ ಆನೆಯ ಲೆಕ್ಕಕ್ಕೆ 60-75 ವರ್ಷ ಹಿಂದಕ್ಕೆ ಹೋಗಬೇಕು. ಅಷ್ಟರಲ್ಲಿ ಶೇ. 30 ಇಳಿದಿದ್ದರೆ ಅಪಾಯದ ಮೊದಲ ಮೆಟ್ಟಿಲು, 50 ಆದರೆ ಅಳಿವಿನಂಚು, 80 ಆದರೆ ತೀವ್ರ ಅಳಿವಿನಂಚು. ಏಷ್ಯಾದ ಆನೆ ಎರಡನೇ ಮೆಟ್ಟಿಲಲ್ಲಿದೆ. ಹಾಸನದ ತೋಟದಲ್ಲಿ ನಿಂತಿರುವ ಆನೆಗೂ ಈ ಲೆಕ್ಕಕ್ಕೂ ಜಗಳವಿಲ್ಲ. ಕಾಡು ತುಂಡುತುಂಡಾದಾಗ ಉಳಿದವು ಕಣ್ಣಿಗೆ ಜಾಸ್ತಿ ಬೀಳುತ್ತವೆ, ಅಷ್ಟೇ.

ಹತ್ತು ವರ್ಷದ ಎಣಿಕೆ ಯಾಕೆ ಮೋಸ ಮಾಡುತ್ತದೆ ಅಂದರೆ, ಮರಿ ಹುಟ್ಟುವುದು ನಿಂತುಹೋದರೂ ಮುದಿ ಆನೆಗಳು ಬದುಕಿರುತ್ತವೆ. ಮಕ್ಕಳೆಲ್ಲ ಊರು ಬಿಟ್ಟ ಮನೆಯಲ್ಲಿ ಅಜ್ಜ-ಅಜ್ಜಿ ಇರುವಹಾಗೆ. ದೀಪ ಉರಿಯುತ್ತಿರುತ್ತದೆ, ದಾರಿಹೋಕರಿಗೆ ಮನೆ ತುಂಬಿದೆ ಅನ್ನಿಸುತ್ತದೆ.

ಇಳಿಕೆಯ ಪರೀಕ್ಷೆ ಎಷ್ಟು ಕೆಲಸಕ್ಕೆ ಬಂತು ಅನ್ನುವುದಕ್ಕೆ ರಣಹದ್ದು ಸಾಕ್ಷಿ. ಮನೆ ಮೇಲೆ ಕೂತರೆ ಅಪಶಕುನ ಎಂದು ನಮ್ಮವರು ಕಲ್ಲು ಹೊಡೆದು ಓಡಿಸುತ್ತಿದ್ದ ಹಕ್ಕಿ. 1980ರ ದಶಕದಲ್ಲಿ ಬಿಳಿಬೆನ್ನಿನ ರಣಹದ್ದು ಜಗತ್ತಿನ ದೊಡ್ಡ ಬೇಟೆಹಕ್ಕಿಗಳಲ್ಲೇ ಅತಿ ಹೆಚ್ಚು ಸಂಖ್ಯೆಯದ್ದು ಇರಬಹುದು ಎನ್ನುತ್ತಿದ್ದರು. 90ರ ದಶಕದಲ್ಲಿ ರಾಜಸ್ಥಾನದ ಭರತಪುರದಲ್ಲಿ ಪಕ್ಷಿವಿಜ್ಞಾನಿ ವಿಭು ಪ್ರಕಾಶ್ ಕಣ್ಣಿಗೆ ಬಿದ್ದದ್ದು ಕತ್ತು ಜೋತುಬಿಟ್ಟು ಕೂತ ಹದ್ದುಗಳು, ಖಾಲಿ ಗೂಡುಗಳು. ಹಿಂದೊಮ್ಮೆ ಎಣಿಸಿದ್ದ ರಸ್ತೆಗಳಲ್ಲೇ ಮತ್ತೆ ಮತ್ತೆ ಜೀಪು ಓಡಿಸಿ ಎಣಿಸಿದರು. 1992ಕ್ಕೆ ಹೋಲಿಸಿದರೆ 2007ರ ಹೊತ್ತಿಗೆ ಇಳಿಕೆ ಶೇ. 99.9. ಸಾವಿರ ಇದ್ದ ಕಡೆ ಒಂದು. ಆದರೆ ಅದನ್ನು ತೀವ್ರ ಅಳಿವಿನಂಚಿಗೆ ಸೇರಿಸಿದ್ದು 2000ದಲ್ಲೇ, ಆಗಿನ್ನೂ ಸಾವಿರಾರು ಹದ್ದುಗಳಿದ್ದವು. ಬರೀ ತಲೆ ಎಣಿಸಿದ್ದರೆ ಆ ಗಂಟೆ ಬಾರಿಸುತ್ತಲೇ ಇರಲಿಲ್ಲ.

ಕಾರಣ ಗೊತ್ತಾದದ್ದು 2004ರಲ್ಲಿ, ಪಾಕಿಸ್ತಾನದಲ್ಲಿ ಅಮೆರಿಕದ ಪಶುವೈದ್ಯ ವಿಜ್ಞಾನಿ ಲಿಂಡ್ಸೆ ಓಕ್ಸ್ ತಂಡ ಸತ್ತ ಹದ್ದುಗಳನ್ನು ಕೊಯ್ದು ನೋಡಿದಾಗ. ದನಗಳ ನೋವಿಗೆ ಕೊಡುವ ಡೈಕ್ಲೋಫೆನಾಕ್! ಆ ದನ ಸತ್ತು, ಅದನ್ನು ತಿಂದ ಹದ್ದಿನ ಕಿಡ್ನಿ ಕೆಟ್ಟು, ಒಳಗಿನ ಅಂಗಗಳ ಮೇಲೆಲ್ಲ ಸುಣ್ಣ ಬಳಿದಹಾಗೆ ಬಿಳಿ ಯೂರಿಕ್ ಆಮ್ಲ. ದನಗಳ ನೂರು ಹೆಣದಲ್ಲಿ ಒಂದಕ್ಕಿಂತ ಕಡಿಮೆ ಹೆಣದಲ್ಲಿ ಔಷಧ ಇದ್ದರೂ ಸಾಕಿತ್ತು. ಒಂದು ದನಕ್ಕೆ ಹತ್ತಾರು ಹದ್ದು ಮುಗಿಬೀಳುತ್ತವೆ. ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. 2006ರಲ್ಲಿ ಭಾರತ ಜಾನುವಾರುಗಳಿಗೆ ಆ ಔಷಧ ಕೊಡುವುದನ್ನು ನಿಷೇಧಿಸಿತು.

ಉಳಿದ ಪರೀಕ್ಷೆಗಳಲ್ಲಿ ಎರಡನ್ನು ಬೇಗ ಹೇಳಿಬಿಡುತ್ತೇನೆ. ಎಣಿಕೆ ಬರುವುದು ಒಂದರಲ್ಲಿ, ಅದೂ ಮರಿ ಹಾಕುವ ವಯಸ್ಸಿನವನ್ನು ಮಾತ್ರ. ನಮ್ಮ ಸಿಂಗಳೀಕ ಬಿದ್ದದ್ದು ಇದರಲ್ಲೇ: ಬೆಳೆದವು 2,500ಕ್ಕಿಂತ ಕಡಿಮೆ, ಜೊತೆಗೆ ಇಳಿಕೆ. ಇನ್ನೊಂದು ಜಾಗದ ಪರೀಕ್ಷೆ. ಭೂಪಟದ ಮೇಲೆ 2 ಕಿ.ಮೀ. ಉದ್ದಗಲದ ಚೌಕಗಳನ್ನು ಹಾಕಿ, ಜೀವಿ ಎಷ್ಟು ಚೌಕದಲ್ಲಿದೆ ಎಂದು ನೋಡುತ್ತಾರೆ. ಪಶ್ಚಿಮ ಘಟ್ಟದ ಕುಣಿಯುವ ಕಪ್ಪೆಗಳಿಗೆ ಇದೇ ಕಂಟಕ. ಹೆಬ್ಬೆರಳಿನಷ್ಟು ಗಂಡು ಕಪ್ಪೆ ತೊರೆಯ ಬಂಡೆಯ ಮೇಲೆ ಕೂತು, ನೀರಿನ ಸದ್ದಿನಲ್ಲಿ ಕೂಗು ಕೇಳಿಸದು ಎಂದೋ ಏನೋ, ಹಿಂಗಾಲು ಪೂರಾ ಚಾಚಿ ಬೆರಳು ಬಿಡಿಸಿ ತೋರಿಸುತ್ತದೆ. ತೊರೆಯಲ್ಲಿ ಅವು ಎಷ್ಟೇ ಇರಲಿ, ಅಂಥ ತೊರೆಗಳೇ ಕೆಲವು. ಒಂದು ಬೇಸಿಗೆ ನೀರು ತಿರುಗಿಸಿದರೆ ಮುಗಿಯಿತು.

ಇವೆಲ್ಲಕ್ಕಿಂತ ಕಷ್ಟದ ತೀರ್ಮಾನ "ಅಳಿದೇ ಹೋಯಿತು" ಅನ್ನುವುದು. ಅದಕ್ಕೆ ಸಂಶಯಕ್ಕೆ ಎಡೆಯೇ ಇರಬಾರದು, ಸರಿಯಾದ ಜಾಗದಲ್ಲಿ, ಸರಿಯಾದ ಹೊತ್ತಿನಲ್ಲಿ ಹುಡುಕಿರಬೇಕು. ಪಕ್ಕದ ಆಂಧ್ರದ ಜರ್ಡನ್ ಕೋರ್ಸರ್ ಹಕ್ಕಿ 1900ರಲ್ಲಿ ಕಂಡದ್ದು, ಆಮೇಲೆ ಪತ್ತೆಯಿಲ್ಲ. ಹೋಯಿತು ಅಂದುಕೊಂಡರು. ಹುಡುಕಿದ್ದು ಹಗಲಲ್ಲಿ! ಅದು ರಾತ್ರಿ ಓಡಾಡುವ ಹಕ್ಕಿ. 1986ರಲ್ಲಿ ಕಡಪದ ಹಳ್ಳಿಯ ಬೇಟೆಗಾರನೊಬ್ಬ ಟಾರ್ಚ್ ಬೆಳಕಿನಲ್ಲಿ ಅದನ್ನು ಹಿಡಿದ. ಆಮೇಲೆ ಅಧ್ಯಯನಕ್ಕೆ ಹೋದವರಿಗೂ ಅದು ಸುಲಭಕ್ಕೆ ಕಾಣಲಿಲ್ಲ. ಮುಳ್ಳುಪೊದೆಗಳ ನಡುವೆ ನುಣ್ಣನೆಯ ಮಣ್ಣು ಜರಡಿ ಹಿಡಿದು ಉದ್ದುದ್ದ ಪಟ್ಟಿ ಹಾಸಿ ಬಂದರು. ಬೆಳಿಗ್ಗೆ ಬಗ್ಗಿ ನೋಡಿದರೆ ನರಿಯ ಹೆಜ್ಜೆ, ಮೊಲದ ಹೆಜ್ಜೆ, ಕೆಲವೊಮ್ಮೆ ಹಿಂಬೆರಳಿಲ್ಲದ, ಮೂರೇ ಬೆರಳಿನ ಪುಟ್ಟ ಹೆಜ್ಜೆಗಳ ಸಾಲು.