ಎಐಎಸ್ ಟ್ರಾನ್ಸ್‌ಪಾಂಡರ್ ಅಂದರೇನು? ಸಣ್ಣ ದೋಣಿಗೆ ಹಾಕುವಾಗ ಏನೇನು ನೋಡಬೇಕು?

"ನಾನು ಇಂಥ ದೋಣಿ, ಇಲ್ಲಿದ್ದೇನೆ, ಇಷ್ಟು ವೇಗದಲ್ಲಿ ಈ ಕಡೆ ಹೋಗ್ತಿದ್ದೇನೆ" ಎಂದು ರೇಡಿಯೊದಲ್ಲಿ ತಾನಾಗಿಯೇ ಹೇಳುತ್ತಾ ಇರುವ ಪುಟ್ಟ ಡಬ್ಬಿಯೇ ಎಐಎಸ್ ಟ್ರಾನ್ಸ್‌ಪಾಂಡರ್. ಸುತ್ತಲಿನ ಹಡಗುಗಳು ಹೇಳುವುದನ್ನು ಕೇಳಿಸಿಕೊಂಡು ಪರದೆಗೆ ಕಳಿಸುವುದೂ ಅದೇ. ಪೂರ್ತಿ ಹೆಸರು ಆಟೊಮ್ಯಾಟಿಕ್ ಐಡೆಂಟಿಫಿಕೇಶನ್ ಸಿಸ್ಟಮ್. ಇದಕ್ಕೆ ಇಂಟರ್ನೆಟ್ ಬೇಡ, ಸಿಮ್ ಬೇಡ, ತಿಂಗಳ ಚಂದಾ ಬೇಡ. 161.975 ಮತ್ತು 162.025 ಮೆಗಾಹರ್ಟ್ಸ್ ಎಂಬ ಎರಡು ವಿಎಚ್‌ಎಫ್ (ದೋಣಿ, ಹಡಗುಗಳು ಮಾತಾಡಲು ಬಳಸುವ ರೇಡಿಯೊ) ಚಾನೆಲ್‌ಗಳಲ್ಲಿ ದೋಣಿಯಿಂದ ಹಡಗಿಗೆ, ಹಡಗಿನಿಂದ ದೋಣಿಗೆ ನೇರವಾಗಿ ಮಾಹಿತಿ ಹೋಗುತ್ತದೆ.

ಒಂದು ಗೊಂದಲ ಮೊದಲೇ ಬಗೆಹರಿಸಿಕೊಳ್ಳೋಣ. "ನಮ್ಮ ಬೋಟಲ್ಲಿ ಎಐಎಸ್ ಇದೆ" ಅನ್ನುವ ಎಷ್ಟೋ ಜನರ ಹತ್ತಿರ ಇರುವುದು ಬರೀ ರಿಸೀವರ್. ಅದರಿಂದ ನಿಮಗೆ ಹಡಗು ಕಾಣುತ್ತದೆ, ಹಡಗಿಗೆ ನೀವು ಕಾಣುವುದಿಲ್ಲ. ಟ್ರಾನ್ಸ್‌ಪಾಂಡರ್ ಹಾಕಿಸಿದರೆ ಎರಡೂ ಕಡೆಯವರಿಗೆ ಕಾಣುತ್ತದೆ. ದುಡ್ಡು ಖರ್ಚು ಮಾಡುವುದೇ ಆದರೆ ಇದಕ್ಕೇ ಮಾಡಿ ಅಂತ ನನ್ನ ಅಭಿಪ್ರಾಯ, ಯಾಕಂದರೆ ಅಲೆಯ ನಡುವೆ ಸಣ್ಣ ಫೈಬರ್ ದೋಣಿ ರಾಡಾರ್‌ನಲ್ಲಿ ಸರಿಯಾಗಿ ಕಾಣುವುದೇ ಇಲ್ಲ.

ದೊಡ್ಡ ಹಡಗುಗಳಲ್ಲಿ ಇರುವುದು ಕ್ಲಾಸ್ ಎ. ಅಂತರರಾಷ್ಟ್ರೀಯ ಪ್ರಯಾಣ ಮಾಡುವ 300 ಟನ್ ಮತ್ತು ಅದಕ್ಕಿಂತ ದೊಡ್ಡ ಹಡಗುಗಳಿಗೆ 2004ರ ಕೊನೆಯ ಹೊತ್ತಿಗೆ ಇದು ಕಡ್ಡಾಯವಾಯಿತು. ಕ್ಲಾಸ್ ಎ 12.5 ವಾಟ್ ಶಕ್ತಿಯಲ್ಲಿ ಕೂಗುತ್ತದೆ, ಚಲಿಸುವಾಗ 2ರಿಂದ 10 ಸೆಕೆಂಡಿಗೊಮ್ಮೆ. ಸಣ್ಣ ದೋಣಿಗೆ ಬರುವುದು ಕ್ಲಾಸ್ ಬಿ, ಅದರಲ್ಲೂ ಎರಡು ಬಗೆ. ಹಳೆಯ, ಅಗ್ಗದ ಸಿಎಸ್ (ಕ್ಯಾರಿಯರ್ ಸೆನ್ಸ್) ಬಗೆಯದ್ದು 2 ವಾಟ್, 2 ನಾಟ್‌ಗಿಂತ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ವೇಗವಾಗಿ ಹೋಗುವಾಗ 30 ಸೆಕೆಂಡಿಗೊಮ್ಮೆ, ನಿಂತಾಗ 3 ನಿಮಿಷಕ್ಕೊಮ್ಮೆ. ಎಸ್‌ಒ (ಸೆಲ್ಫ್ ಆರ್ಗನೈಸಿಂಗ್) ಬಗೆಯದ್ದು 5 ವಾಟ್, ವೇಗ ಹೆಚ್ಚಿದಂತೆ ಪದೇ ಪದೇ ಹೇಳುತ್ತದೆ, 23 ನಾಟ್ ದಾಟಿದರೆ 5 ಸೆಕೆಂಡಿಗೊಮ್ಮೆ.

ಎಲ್ಲರೂ ಒಟ್ಟಿಗೇ ಮಾತಾಡದಿರಲಿ ಎಂದು ಒಂದು ನಿಮಿಷವನ್ನು ಪ್ರತಿ ಚಾನೆಲ್‌ನಲ್ಲಿ 2250 ಸ್ಲಾಟ್‌ಗಳಾಗಿ, ಅಂದರೆ ಸರದಿಗಳಾಗಿ, ಹಂಚಿರುತ್ತಾರೆ, ಒಂದೊಂದು ಸ್ಲಾಟ್ ಸುಮಾರು 26.7 ಮಿಲಿಸೆಕೆಂಡ್. ಕ್ಲಾಸ್ ಎ ಮತ್ತು ಎಸ್‌ಒ ಮುಂದಿನ ಸ್ಲಾಟನ್ನು ಮೊದಲೇ ಕಾಯ್ದಿರಿಸುತ್ತವೆ. ಸಿಎಸ್ ಪಾಪ, ತುಂಬಿದ ಸಭೆಯಲ್ಲಿ ಎಲ್ಲರೂ ಸುಮ್ಮನಾಗಲಿ ಎಂದು ಕಾಯುವ ಸಂಕೋಚದ ಮನುಷ್ಯನ ಹಾಗೆ, ಖಾಲಿ ಜಾಗ ಸಿಕ್ಕರಷ್ಟೇ ಬಾಯಿ ಬಿಡುತ್ತದೆ. ಗಿಜಿಗುಡುವ ಬಂದರಿನ ಹತ್ತಿರ ಅದರ ಸರದಿ ತಪ್ಪಬಹುದು. 20 ನಾಟ್‌ನಲ್ಲಿ ಓಡುವ ದೋಣಿ 30 ಸೆಕೆಂಡಿನಲ್ಲಿ 300 ಮೀಟರ್ ದಾಟಿರುತ್ತದೆ, ಅಂದರೆ ಪರದೆಯಲ್ಲಿ ಕಾಣುವ ನೀವು ಅಷ್ಟು ಹಿಂದಿನ ನೀವು. ವೇಗದ ದೋಣಿ ಇದ್ದವರು ಎಸ್‌ಒ ಕಡೆ ನೋಡುವುದು ಒಳ್ಳೆಯದು. ನಿಧಾನದ ಹಾಯಿದೋಣಿಗೆ ಸಿಎಸ್ ಸಾಕು.

ಇನ್ನು ಅಳವಡಿಕೆ. ಡಬ್ಬಿಯನ್ನು ನಾಲ್ಕು ಸ್ಕ್ರೂ ಹಾಕಿ ಕೂರಿಸುವುದು ಸುಲಭ. ನೀರು ಬೀಳದ ಜಾಗ ನೋಡಿ, ದಿಕ್ಸೂಚಿಯಿಂದ ಸ್ವಲ್ಪ ದೂರ ಇಡಿ, ಬ್ಯಾಟರಿಯಿಂದ ಬರುವ ತಂತಿಗೆ ಫ್ಯೂಸ್ ಹಾಕಿ, ಅಷ್ಟೇ. ನೀವು ಎಷ್ಟು ದೂರ ಕಾಣುತ್ತೀರಿ ಅನ್ನುವುದನ್ನು ಮುಖ್ಯವಾಗಿ ನಿರ್ಧರಿಸುವುದು ಆಂಟೆನಾ.

ವಿಎಚ್‌ಎಫ್ ಅಲೆ ಹೆಚ್ಚುಕಮ್ಮಿ ಕಣ್ಣಿನ ನೋಟದ ಹಾಗೆ ನೇರ ಹೋಗುತ್ತದೆ, ಭೂಮಿಯ ಗುಂಡನೆಯ ಮೈ ಅಡ್ಡ ಬಂದರೆ ಮುಗಿಯಿತು. ಹಾಗಾಗಿ ವಾಟ್‌ಗಿಂತ ಎತ್ತರ ಮುಖ್ಯ. ಎರಡು ದೋಣಿಗಳ ಆಂಟೆನಾಗಳೂ ನೀರಿನಿಂದ 3 ಮೀಟರ್ ಎತ್ತರದಲ್ಲಿದ್ದರೆ ಲೆಕ್ಕದ ಪ್ರಕಾರ ಸಿಗುವ ದೂರ ಏಳೂವರೆ ನಾಟಿಕಲ್ ಮೈಲಿಯ (ಸುಮಾರು 14 ಕಿ.ಮೀ.) ಆಸುಪಾಸು. ಎದುರಿಗಿರುವ ಹಡಗಿನ ಆಂಟೆನಾ 25 ಮೀಟರ್ ಎತ್ತರದಲ್ಲಿದ್ದರೆ ಅದು ಹತ್ತಿರ ಹತ್ತಿರ ಎರಡರಷ್ಟಾಗುತ್ತದೆ. ಕೇಬಲ್ ವಿಷಯದಲ್ಲೂ ಜಿಪುಣತನ ಬೇಡ. ತೆಳ್ಳನೆಯ ಆರ್‌ಜಿ-58 ಕೇಬಲನ್ನು 15 ಮೀಟರ್ ಎಳೆದರೆ ಸುಮಾರು ಅರ್ಧ ಶಕ್ತಿ ದಾರಿಯಲ್ಲೇ ಕರಗಿಹೋಗುತ್ತದೆ, 2 ವಾಟ್‌ನಲ್ಲಿ ಅರ್ಧ ಹೋದರೆ ಉಳಿಯುವುದೆಷ್ಟು? ಹಾಯಿಕಂಬದ ತುದಿಗೆ ಹೋಗುವ ಉದ್ದದ ಕೇಬಲ್ ಆದರೆ ದಪ್ಪನೆಯ ಆರ್‌ಜಿ-213 ಹಾಕಿ. ಕನೆಕ್ಟರ್ ಕೂರಿಸುವಾಗ ಹೊರಗಿನ ತಾಮ್ರದ ಜಾಳಿಗೆಯ ಒಂದು ಎಳೆ ನಡುವಿನ ತಂತಿಗೆ ತಾಗಿದರೂ ಸಾಕು, ಶಾರ್ಟ್ ಆಗಿ ಕೆಲಸವೆಲ್ಲ ಹಾಳು.

ಮಾತಾಡುವ ವಿಎಚ್‌ಎಫ್ ಆಂಟೆನಾವನ್ನೇ ಎಐಎಸ್‌ಗೂ ಬಳಸಬಹುದಾ? ಎಐಎಸ್‌ಗೆಂದೇ ಮಾಡಿದ ಸ್ಪ್ಲಿಟರ್ (ಒಂದೇ ಆಂಟೆನಾವನ್ನು ಎರಡು ಯಂತ್ರಗಳಿಗೆ ಹಂಚುವ ಡಬ್ಬಿ) ಇದ್ದರೆ ಬಳಸಬಹುದು. ಟಿವಿಗೆ ಹಾಕುವಂಥದ್ದು ಅಥವಾ ಸಾದಾ ಟಿ-ಜೋಡಣೆ ಮಾತ್ರ ಬೇಡವೇ ಬೇಡ, ರೇಡಿಯೊದ 25 ವಾಟ್ ಹಿಂದಿನಿಂದ ನುಗ್ಗಿ ಟ್ರಾನ್ಸ್‌ಪಾಂಡರನ್ನು ಸುಟ್ಟು ಹಾಕಬಹುದು. ಸ್ಪ್ಲಿಟರ್ ಇದ್ದಾಗಲೂ ನೀವು ಮೈಕಿನಲ್ಲಿ ಮಾತಾಡುವಷ್ಟು ಹೊತ್ತು ಎಐಎಸ್ ಸುಮ್ಮನಿರುತ್ತದೆ. ಜಾಗ ಇದ್ದರೆ ಬೇರೆ ಆಂಟೆನಾ ಹಾಕಿ. ಆಂಟೆನಾ ಜೋಡಿಸದೆ ಡಬ್ಬಿಯನ್ನು ಆನ್ ಮಾಡಬೇಡಿ, ಕಳಿಸುವ ಭಾಗ ಕೆಡುವ ಅಪಾಯ ಇದೆ.

ಜಿಪಿಎಸ್ ಕೂಡ ಇದಕ್ಕೆ ತನ್ನದೇ ಬೇಕು, ದಾರಿ ತೋರಿಸುವ ನಕಾಶೆಯ ಪರದೆಯ, ಅಂದರೆ ಚಾರ್ಟ್ ಪ್ಲಾಟರಿನದ್ದು ಸಾಲದು. ಸ್ಥಳ ತಿಳಿಯಲು ಮಾತ್ರ ಅಲ್ಲ, ಸ್ಲಾಟ್‌ಗಳ ಗಡಿಯಾರವೂ ಅದರಿಂದಲೇ ನಡೆಯುತ್ತದೆ. ಫೈಬರ್ ಚಾವಣಿಯ ಕೆಳಗೆ ಒಳಗಿನ ಜಿಪಿಎಸ್ ಆಂಟೆನಾ ಸಾಮಾನ್ಯವಾಗಿ ಕೆಲಸ ಮಾಡುತ್ತದೆ, ಲೋಹದ ಅಥವಾ ಕಾರ್ಬನ್ ಫೈಬರಿನ ಕೆಳಗೆ ಮಾಡುವುದಿಲ್ಲ.

ಆಮೇಲೆ ಎಂಎಂಎಸ್‌ಐ. ಇದು 9 ಅಂಕಿಯ ಗುರುತು ಸಂಖ್ಯೆ, ದೋಣಿಯದ್ದಾದರೆ ಮೊದಲ ಮೂರು ಅಂಕಿ ದೇಶವನ್ನು ಹೇಳುತ್ತವೆ: 419 ಅಂದರೆ ಭಾರತ, 235 ಅಂದರೆ ಬ್ರಿಟನ್. ನಿಮ್ಮ ದೇಶದ ಇಲಾಖೆಯಿಂದ ಪಡೆದು ಹಾಕಬೇಕು. ಬಹಳಷ್ಟು ಯಂತ್ರಗಳಲ್ಲಿ ಇದನ್ನು ಒಮ್ಮೆ ಬರೆದರೆ ಬಳಕೆದಾರರೇ ಬದಲಿಸಲು ಆಗುವುದಿಲ್ಲ, ಹಾಗಾಗಿ ಸೇವ್ ಒತ್ತುವ ಮುಂಚೆ ಅಂಕಿ ಅಂಕಿ ಓದಿ ನೋಡಿ. ಜೊತೆಗೆ ಹೆಸರು, ಕಾಲ್ ಸೈನ್ (ರೇಡಿಯೊದಲ್ಲಿ ದೋಣಿಯನ್ನು ಗುರುತಿಸುವ ಸಂಕೇತ), ದೋಣಿಯ ಬಗೆ, ಅಳತೆ ತುಂಬಬೇಕು. ಅಳತೆ ಕೇಳುವ ಎ, ಬಿ, ಸಿ, ಡಿ ಎಂಬ ನಾಲ್ಕು ಖಾನೆಗಳನ್ನು ಎಷ್ಟೋ ಜನ ಅಂದಾಜಿಗೆ ತುಂಬಿಬಿಡುತ್ತಾರೆ. ಅವು ಜಿಪಿಎಸ್ ಆಂಟೆನಾದಿಂದ ಮುಂದಿನ ತುದಿಗೆ, ಹಿಂದಿನ ತುದಿಗೆ, ಎಡ ಅಂಚಿಗೆ, ಬಲ ಅಂಚಿಗೆ ಇರುವ ದೂರ, ಮೀಟರ್‌ಗಳಲ್ಲಿ. 9 ಮೀಟರಿನ ದೋಣಿಯಲ್ಲಿ ಆಂಟೆನಾ ಹಿಂಬದಿಯಿಂದ 3 ಮೀಟರಿನಲ್ಲಿದ್ದರೆ ಎ 6, ಬಿ 3. ಅಡಿಯಲ್ಲಿ ತುಂಬಿದರೆ ನಿಮ್ಮ ದೋಣಿ ಪರದೆಯ ಮೇಲೆ ಸರಕು ಹಡಗಾಗುತ್ತದೆ!

ಎಲ್ಲ ಆದ ಮೇಲೆ ಪರೀಕ್ಷೆ. ಹೆಸರು ಬರುತ್ತಿಲ್ಲ ಎಂದು ಗಾಬರಿ ಬೇಡ, ಕ್ಲಾಸ್ ಬಿ ಹೆಸರು ಮತ್ತು ಅಳತೆಯನ್ನು ಕಳಿಸುವುದು 6 ನಿಮಿಷಕ್ಕೊಮ್ಮೆ ಮಾತ್ರ, ಅಲ್ಲಿಯವರೆಗೆ ಬರೀ ಸಂಖ್ಯೆ ಕಾಣುತ್ತದೆ. ಹಡಗು ತೋರಿಸುವ ವೆಬ್‌ಸೈಟಿನಲ್ಲಿ ಕಾಣದಿದ್ದರೂ ಕೆಟ್ಟಿದೆ ಅಂತಲ್ಲ, ಹತ್ತಿರದ ದಡದಲ್ಲಿ ರಿಸೀವರ್ ಇಲ್ಲದಿರಬಹುದು. ಪಕ್ಕದ ಬೋಟಿನವರನ್ನು ವಿಎಚ್‌ಎಫ್‌ನಲ್ಲಿ ಕೇಳುವುದೇ ವಾಸಿ. ಪರದೆಯಲ್ಲಿ ಹಡಗುಗಳು ಕಮ್ಮಿ ಕಾಣುತ್ತಿದ್ದರೆ ಎಲ್‌ಇಡಿ ದೀಪಗಳ ಮೇಲೆ ಅನುಮಾನಪಡಿ. ರೇಡಿಯೊವನ್ನು ಖಾಲಿ ಚಾನೆಲ್‌ಗೆ ಇಟ್ಟು, ಸರ್ ಅನ್ನುವ ಸದ್ದು ಆಗಷ್ಟೇ ನಿಲ್ಲುವಲ್ಲಿಗೆ ಸ್ಕ್ವೆಲ್ಚ್ (ಆ ಸದ್ದನ್ನು ಅಡಗಿಸುವ ಗುಂಡಿ) ತಿರುಗಿಸಿ, ಆಮೇಲೆ ದೀಪ ಹಾಕಿ. ಸದ್ದು ಮತ್ತೆ ಬಂದರೆ ಆ ದೀಪವೇ ಕಳ್ಳ.

ಇಷ್ಟಾದರೂ ಎದುರಿನವರು ಪರದೆ ನೋಡುತ್ತಿರುತ್ತಾರೆ ಎಂಬ ಖಾತರಿ ಇಲ್ಲ, ಜನಸಂದಣಿಯಲ್ಲಿ ಕ್ಲಾಸ್ ಬಿ ಗುರುತುಗಳನ್ನು ಮರೆಮಾಡಿಕೊಳ್ಳುವವರೂ ಇದ್ದಾರೆ. ಎಐಎಸ್ ಇಲ್ಲದ ದೋಣಿಗಳು ನಿಮ್ಮ ಪರದೆಯಲ್ಲೂ ಬರುವುದಿಲ್ಲ. ಹಾಗೆಯೇ ದೋಣಿ ಮಾರಿದಾಗ ಯಂತ್ರವನ್ನು ಬಿಚ್ಚಿ ಹೊಸ ದೋಣಿಗೆ ಸುಮ್ನೆ ಹಾಕಿಕೊಳ್ಳಬೇಡಿ, ಹಳೆಯ ಸಂಖ್ಯೆ ಅದರೊಳಗೇ ಇರುತ್ತದೆ. ಅದನ್ನು ಅಳಿಸಿಕೊಡಲು ಮಾರಿದ ಅಂಗಡಿಗೋ ತಯಾರಕರಿಗೋ ಕಳಿಸಬೇಕಾಗುತ್ತದೆ.